ಕಾಲುವೆ ಬಾಗಿದ ಕಡೆ

ಇವತ್ತು ಬೆಳಿಗ್ಗೆ ಎದುರಿನ ಅಪಾರ್ಟ್‌ಮೆಂಟಿನವರು ಮಕ್ಕಳ ಓಟದ ಪಂದ್ಯಕ್ಕೆಂದು ಸುಣ್ಣದ ಪುಡಿ ಚೆಲ್ಲಿ ಗೆರೆ ಎಳೆಯುತ್ತಿದ್ದರು. ಅದರ ವಾಸನೆ ನಮ್ಮ ಜಗಲಿಯವರೆಗೂ ಬಂತು. ನಾನು ಕಾಫಿ ಲೋಟ ಅಲ್ಲೇ ಬಿಟ್ಟು ಒಳಗೆ ಹೋದೆ. ನಗಬೇಡಿ. ಹಾವಿಗೂ ಹೆದರದ, ಅತ್ತೆಗೂ ಅಷ್ಟಾಗಿ ಹೆದರದ ನಾನು ಸುಣ್ಣದ ಗೆರೆ ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತೇನೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮದು ಪೀಣ್ಯದ ಆಚೆಗಿನ ಊರು. ಮೀಸಲಾತಿ ಬಂದು ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದೆ. ಜನ ಹಾರ ಹಾಕಿದ್ದು ಮಾತ್ರ ನನ್ನ ಗಂಡನಿಗೆ. ನನಗೆ ಸಿಕ್ಕಿದ್ದು ಒಂದು ಕಾಲು ಅಲುಗಾಡುವ ಕುರ್ಚಿ. ಅದರಲ್ಲಿ ಸರಿಯಾಗಿ ಕೂರುವುದನ್ನು ಕಲಿಯುವಷ್ಟರಲ್ಲಿ ಕೊರೊನಾ ಬಂತು, ಪೀಣ್ಯದ ಕಾರ್ಖಾನೆಗಳೆಲ್ಲ ಶಟರ್ ಎಳೆದವು. ಹಗಲೂ ರಾತ್ರಿ ಕಬ್ಬಿಣ ಕೊರೆಯುವ ಸದ್ದು ಕೇಳಿಕೊಂಡೇ ಬಾಳಿದವರು ನಾವು. ಅದು ನಿಂತ ದಿನ ನಾಯಿಗಳೂ ಬೊಗಳಲಿಲ್ಲ. ಮಟಮಟ ಮಧ್ಯಾಹ್ನ ಬೀದಿಗೆ ಬರಲು ಭಯವಾಗುತ್ತಿತ್ತು.

ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಹೆಂಗಸರು ಪಂಚಾಯಿತಿ ಬಾಗಿಲಿಗೆ ಬಂದು ನಿಂತರು. "ಅಕ್ಕ, ಮನೇಲಿ ಅಕ್ಕಿ ಮುಗ್ದೋಯ್ತು. ಏನಾರ ಕೆಲ್ಸ ಕೊಡ್ಸಕ್ಕ" ಅಂದಳು ಹಿಂದಿನ ಬೀದಿಯ ರತ್ನ.

ನಮ್ಮ ಪಂಚಾಯಿತಿ ಅಧಿಕಾರಿ ಹಾಸನದ ಕಡೆಯವರು, ಒಳ್ಳೆಯ ಮನುಷ್ಯ. "ಉದ್ಯೋಗ ಖಾತ್ರಿಗೆ ದಿಲ್ಲಿಯಿಂದ ಜಾಸ್ತಿ ದುಡ್ಡು ಬಿಟ್ಟಿದಾರೆ ಮೇಡಂ. ಆದ್ರೆ ಮಣ್ಣು ಅಗೆಯೋ ಕೆಲಸನೇ ಆಗ್ಬೇಕು. ಕೈಯಲ್ಲೇ. ಜೆಸಿಬಿ ಮುಟ್ಟೋ ಹಾಗಿಲ್ಲ" ಅಂದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ದಿಲ್ಲಿ ದುಡ್ಡು ತಂದು ನೋಡು ಅಂತಲೂ ಸೇರಿಸಬಹುದು. ಗ್ರಾಮಸಭೆ ಒಪ್ಪಬೇಕು, ಮೇಲಿನವರು ಮಂಜೂರು ಮಾಡಬೇಕು, ಇಂಜಿನಿಯರು ಅಂದಾಜು ಬರೆಯಬೇಕು. ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಬೇಕು. ಎಲ್ಲ ತಾಳೆಯಾದರೆ ಕೂಲಿ ನೇರವಾಗಿ ಬ್ಯಾಂಕಿಗೆ. ಇಷ್ಟೆಲ್ಲ ಸರಿ, ಆದರೆ ನಮ್ಮೂರಲ್ಲಿ ಅಗೆಯಲು ಮಣ್ಣೆಲ್ಲಿದೆ? ಹೊಲಗಳೆಲ್ಲ ಸೈಟು, ಶೆಡ್ಡು ಆಗಿ ಎಷ್ಟೋ ಕಾಲವಾಗಿತ್ತು. ಉಳಿದಿದ್ದು ಕೆರೆಗೆ ನೀರು ತರುವ, ಮುಚ್ಚಿಹೋದ ಹಳೆಯ ಕಾಲುವೆ ಒಂದೇ. ಅದನ್ನು ಮತ್ತೆ ತೋಡುವುದೆಂದರೆ "ಆ ಕಡೆ"ಯ ಮೇಲೇ ಹಾಯಬೇಕು.

ಆ ಕಡೆ ಅಂದರೆ ಹೊಂಗೆ ಮರಗಳಿರುವ ಒಂದು ತುಂಡು ನೆಲ. ಹುಟ್ಟಿದ ಕೂಡಲೇ ಹೋದ ಕೂಸುಗಳನ್ನು ನಮ್ಮಲ್ಲಿ ಅಲ್ಲಿ ಮಲಗಿಸುತ್ತಾರೆ. ಕಲ್ಲಿಲ್ಲ, ಗುರುತಿಲ್ಲ. ಹೆತ್ತವಳು ಜೊತೆಗೆ ಹೋಗುವಂತಿಲ್ಲ, ಆಮೇಲೆ ಆ ಮಾತು ಎತ್ತುವಂತಿಲ್ಲ. ನನ್ನ ಮೊದಲ ಹೆಣ್ಣುಕೂಸನ್ನು ಅತ್ತೆ ತಮ್ಮ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಒಬ್ಬರೇ ಹೋಗಿ ಬಂದರು. ಕಾಲು ತೊಳೆದು, "ಆ ಕಡೆ ಮಲಗ್ಸಿ ಬಂದಿವ್ನಿ. ಎಲ್ಲೀಂತ ಕೇಳ್ಬ್ಯಾಡ" ಅಂದರು. ನಾನು ಕೇಳಲಿಲ್ಲ. ಕೊರೊನಾ ಬರುವ ಹಿಂದಿನ ವರ್ಷ ಅವರೂ ತೀರಿಕೊಂಡರು.

ಗ್ರಾಮಸಭೆಯಲ್ಲಿ ಅಧಿಕಾರಿ, "ಕಾಲುವೆಗೆ ಯಾರದಾದ್ರೂ ತಕರಾರು ಇದೆಯೇನ್ರಪ್ಪಾ?" ಅಂತ ಕೇಳಿದರು. ಹೆಂಗಸರೆಲ್ಲ ನೆಲ ನೋಡಿದರು. ನಾನೂ ಅಲುಗಾಡುವ ಕುರ್ಚಿಯಲ್ಲಿ ಕೂತು ನೆಲವನ್ನೇ ನೋಡಿದೆ. ಮೌನಂ ಸಮ್ಮತಿ ಲಕ್ಷಣಂ ಅಂತ ಕೆಲಸ ಮಂಜೂರಾಯಿತು.

ಇಂಜಿನಿಯರು ಸಂಜೆ ಬಂದು ನೆಟ್ಟಗೆ ಸುಣ್ಣದ ಗೆರೆ ಎಳೆಸಿ ಹೋದರು. ಬೆಳಿಗ್ಗೆ ನೋಡಿದರೆ ಗೆರೆ ಒಂದು ಕಡೆ ಮೊಳದಷ್ಟು ಬಾಗಿತ್ತು. ಹೆಂಗಸರು ಬಾಗಿದ ಹಾಗೇ ಅಗೆದರು. ಮಾರನೆಯ ಬೆಳಿಗ್ಗೆ ಮತ್ತೆರಡು ಕಡೆ ಬಾಗಿತ್ತು. ಇದು ಮನುಷ್ಯರ ಕೆಲಸವಲ್ಲ ಅನ್ನಿಸಿತು. ಅಷ್ಟರಲ್ಲಿ ಬುತ್ತಿ ಬಿಚ್ಚುತ್ತಿದ್ದ ರತ್ನಳ ಕೈ ನೋಡಿದೆ. ಬೆರಳ ಸಂದಿಯಲ್ಲಿ ಸುಣ್ಣವಿತ್ತು. ಪಕ್ಕದವಳ ಸೆರಗಿನಲ್ಲೂ ಇತ್ತು. ಹೆತ್ತ ತಾಯಂದಿರು ಹೇಗೋ ಜಾಗ ತಿಳಿದುಕೊಂಡಿದ್ದರು, ಒಬ್ಬೊಬ್ಬಳೂ ರಾತ್ರಿ ಬಂದು ಗೆರೆ ಬಾಗಿಸಿ ತನ್ನ ಕೂಸಿನ ಜಾಗ ಉಳಿಸಿಕೊಂಡು ಹೋಗಿದ್ದಳು. ನನಗೆ ಭಯ ಹೋಗಿ ಹೊಟ್ಟೆಕಿಚ್ಚಾಯಿತು. ಉಳಿಸಿಕೊಳ್ಳಲು ನನಗೆ ಜಾಗವೇ ಗೊತ್ತಿರಲಿಲ್ಲ.

"ಹಿಂಗೆ ಸೊಟ್ಟಗಾದ್ರೆ ಅಳತೆ ತಾಳೆ ಆಗಲ್ಲ ಮೇಡಂ. ಎಲ್ರ ಕೂಲಿನೂ ನಿಂತೋಗುತ್ತೆ" ಅಂದರು ಅಧಿಕಾರಿ. ಒಲೆ ಹೊತ್ತದ ಮನೆಗಳು ನನ್ನ ಕಣ್ಣ ಮುಂದೆ ಬಂದವು. ನಾಳೆ ಗೆರೆ ನೆಟ್ಟಗೆ ಎಳೆಸಿ ಹಾಗೇ ಅಗೆಸುತ್ತೇನೆ ಅಂದೆ. ಹೆಂಗಸರು ಕೇಳಿಸಿಕೊಂಡರು, ಗುದ್ದಲಿ ಹೆಗಲಿಗೇರಿಸಿ ಮನೆಗೆ ನಡೆದರು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಹುಲ್ಲಿನ ಮೇಲೆ ಇಬ್ಬನಿ ಹಾಗೇ ಕೂತಿತ್ತು, ಒಬ್ಬರೂ ತುಳಿದ ಗುರುತಿಲ್ಲ. ಇನ್ನೂ ಅಗೆಯದ ಕಡೆ, ಕೊನೆಯ ಹೊಂಗೆಯ ಬುಡದಲ್ಲಿ, ಗೆರೆ ಬಾಗಿತ್ತು.

ರತ್ನ ಬಂದಳು. "ಇದು ಯಾರದೇ?" ಅಂದೆ.

ಅವಳು ಬಗ್ಗಿ ಗೆರೆ ನೋಡಿದಳು. "ನಮ್ಮೋರ್ದು ಯಾರ್ದೂ ಅಲ್ಲ ಕಣಕ್ಕ. ಈ ಕಡೀಕೆ ನಾವ್ಯಾರೂ ಬಂದಿಲ್ಲ." ಅಷ್ಟೂ ಹೆಂಗಸರು ಕೇಳದೆಯೇ ಕೈ ಚಾಚಿ ತೋರಿಸಿದರು. ಯಾವ ಕೈಯಲ್ಲೂ ಸುಣ್ಣವಿರಲಿಲ್ಲ.

ನನ್ನ ಕೂಸು ಮಲಗಿದ ಜಾಗ ಗೊತ್ತಿದ್ದವರು ಒಬ್ಬರೇ. ಅವರು ಹೋಗಿ ವರ್ಷವಾಗಿತ್ತು. ನಾನು ಆ ಗೆರೆಯ ಪಕ್ಕದಲ್ಲೇ ಕೂತುಬಿಟ್ಟೆ.

ಅಧಿಕಾರಿ ಬಂದಾಗ, "ಅಡ್ಡ ಬಂಡೆ ಇದೆ, ಕಾಲುವೆ ತಿರುಗಿಸಿದ್ದೀವಿ ಅಂತ ಬರೀರಿ" ಅಂದೆ. ಅವರು ನನ್ನ ಮುಖ ನೋಡಿ ಹೊಸ ಅಂದಾಜು ಮಾಡಿಸಿದರು. ಬಂಡೆ ಅಂದರೆ ದಿಲ್ಲಿಯವರಿಗೂ ಅರ್ಥವಾಗುತ್ತದೆ. ತಡವಾದರೂ ಕೂಲಿ ಬಂತು.

ಈಗ ಊರು ನಗರಕ್ಕೆ ಸೇರಿದೆ, ಪಂಚಾಯಿತಿ ಹೋಗಿದೆ. ಇವತ್ತು ಮಧ್ಯಾಹ್ನ ನಗರದ ಹೊಸ ಇಂಜಿನಿಯರ್ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಕಾಲುವೆಗೆ ಕಾಂಕ್ರೀಟ್ ಹಾಕುತ್ತಾರಂತೆ, ನೆಟ್ಟಗೆ. "ಹಳೇ ದಾಖಲೆಯಲ್ಲಿ ಬಂಡೆ ಅಂತಿದೆ. ಅಲ್ಲಿ ಬಂಡೆನೇ ಇಲ್ವಲ್ಲ ಅಮ್ಮ?" ಅಂತ ಬೀದಿಯಲ್ಲೇ ನಿಂತು ಕೇಳಿದ. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಎಲ್ಲರೂ ನೆಲ ನೋಡಿದರು.

"ಬಂಡೆ ಅಲ್ಲಪ್ಪ. ಅಲ್ಲಿ ನನ್ನ ಮಗಳಿದ್ದಾಳೆ" ಅಂದೆ.

ಹುಡುಗ ಕೈಯಲ್ಲಿದ್ದ ದಾಖಲೆ ಮಡಚಿದ. ಆಮೇಲೆ ನನ್ನ ಬೆನ್ನ ಹಿಂದಿನಿಂದ ರತ್ನಳ ದನಿ ಕೇಳಿಸಿತು. "ಅವಳಿಂದ ಈಚೆ ಕಡೀಕೆ ನನ್ ಮಗ ಅವ್ನೆ ಸಾರ್."