ಎಲ್ಲರ ಮಾತು ಮುಗಿಸುತ್ತಿದ್ದ ಆಯಿ

ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕಿ ತಿಕ್ಕಿ ಆಕೆಯ ತೋರುಬೆರಳಿನ ತುದಿ ಕಪ್ಪಾಗಿಹೋಗಿತ್ತು. ಆ ಬೆರಳನ್ನು ನಮ್ಮ ಮುಖದ ಮುಂದೆ ಹಿಡಿದು, ನಾವು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ತಾನೇ ಮುಗಿಸುತ್ತಿದ್ದಳು. "ನಿನ್ನಿಯಿಂದ ಹೊಟ್ಟಿ..." ಅನ್ನುವಷ್ಟರಲ್ಲಿ, "ತೊಳಸ್ತದ, ಹೌದಿಲ್ಲೊ?" ಅನ್ನುವಳು. ತೊಳಸದಿದ್ದವರಿಗೂ ತೊಳಸಿದಂತಾಗಿ ಹೌದೆಂದುಬಿಡುತ್ತಿದ್ದರು.

ಮಾರ್ಕೆಟ್ ಯಾರ್ಡಿನ ಹಿಂದಿನ ತಗಡಿನ ಸಾಲುಮನೆಗಳಲ್ಲಿ ಮೂಲೆಯ ಮನೆ ಆಕೆಯದು. ಸಾಲಿಗೆಲ್ಲ ಆಕೆ ಆಯಿ. ಎಪ್ಪತ್ತರ ದಶಕದಲ್ಲಿ ಕಲಬುರ್ಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದ ನಮಗೆ ಮರಾಠಿ ಬಾರದು. ರೇಶನ್ ಅಂಗಡಿಯಿರಲಿ, ದವಾಖಾನೆಯಿರಲಿ, ನಮ್ಮ ಪರವಾಗಿ ಆಯಿಯೇ ಮಾತಾಡಬೇಕು. ನನ್ನ ಮೊದಲ ಹೆರಿಗೆಯಲ್ಲಿ ನರ್ಸಿನ ಜೊತೆ ಜಗಳಾಡಿ ನನಗೊಂದು ಮಂಚ ಕೊಡಿಸಿದವಳು ಆಕೆ. ಅದನ್ನು ಮರೆತರೆ ನನಗೆ ಅನ್ನ ದಕ್ಕುವುದಿಲ್ಲ. ಇಂದು ನಾನು ಮರಾಠಿಯಲ್ಲಿ ಯಾರಿಗೆ ಬೇಕಾದರೂ ಎದುರುತ್ತರ ಕೊಡಬಲ್ಲೆ, ಅದನ್ನೂ ಆಕೆಯೇ ಕಲಿಸಿದ್ದು. ಇಷ್ಟು ಆಕೆಯ ಪಾಲಿನದು. ಉಳಿದದ್ದು ನನ್ನ ಸಿಟ್ಟು.

ಆ ಹೆರಿಗೆಗೆಂದು ಖಡಕಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದೆ. ತವರೆಂದರೆ ಅವ್ವ ಮತ್ತು ಕಾಕಾ. ಕಾಕಾ ಗೌಂಡಿ. ಕಟ್ಟಡದ ಸಾರುವೆಯ ಮೇಲಿಂದ ಬಿದ್ದು ಎಡಗಾಲು ಸೊಟ್ಟಗಾಗಿತ್ತು, ಕುಂಟುತ್ತಿದ್ದ. ಆದರೂ ಗೋಡೆ ಕಟ್ಟುವುದರಲ್ಲಿ ಅವನದು ಎತ್ತಿದ ಕೈ.

ಒಂದು ದಿನ ನಸುಕಿನಲ್ಲಿ, ನಳದ ಹತ್ತಿರ ಯಾವನೋ ನಮ್ಮ ಸಾಲಿನ ಶಾಂತವ್ವನ ಕೊರಳ ತಾಳಿ ಹರಿದುಕೊಂಡು ಓಡಿಹೋದ. ನೀರಿಗೆ ಪಾಳಿ ಹಚ್ಚಿದ್ದ ನಾಲ್ಕು ಹೆಂಗಸರು ನೋಡಿದರು. ಅವರಲ್ಲಿ ಶಾಂತವ್ವನೂ ಒಬ್ಬಳು, ಆಯಿಯೂ ಒಬ್ಬಳು. ಪೊಲೀಸರು ಬರುವತನಕ ಎಲ್ಲರೂ ಆಯಿಯ ಮನೆಯಲ್ಲಿ ಚಹಾ ಕುಡಿಯುತ್ತ ಕೂತರು. ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಒಂದು ತಗಡು ಅಷ್ಟೆ. ಬಾಣಂತಿಯಾಗಿ ಮಲಗಿದ್ದ ನನಗೆ ಪ್ರತಿ ಮಾತೂ ಕೇಳಿಸುತ್ತಿತ್ತು.

"ಕತ್ತಲಾಗ ಬೆನ್ನಷ್ಟ ಕಂಡದ್ದು," ಎಂದು ಆಯಿಯೇ ಮೊದಲು ಹೇಳಿದಳು. ಒಬ್ಬಳು ಎತ್ತರದ ಆಳು ಎಂದಳು, ಇನ್ನೊಬ್ಬಳು ಗಿಡ್ಡ ಎಂದಳು. ಶಾಂತವ್ವ ಅಳುತ್ತ, "ಓಡೂದು ಒಂಥರಾ ಇತ್ರಿ ಆಯಿ. ಚಪ್ಪಲಿ ಜಾರಿತ್ತೋ ಏನೋ, ಕಾಲು..." ಎಂದು ತಡವರಿಸಿದಳು.

"ಕುಂಟತಿದ್ದ," ಎಂದಳು ಆಯಿ.

ಆಮೇಲೆ ಎತ್ತರದ ಆಳು ಎಂದಿದ್ದವಳು, "ಹೌದ್ರಿ, ನಂಗೂ ಹಂಗ ಕಂಡಿತ್ತು," ಎಂದಳು. ಗಿಡ್ಡ ಎಂದಿದ್ದವಳು, "ಎಡಗಾಲು ಎಳ್ಕೋತ ಓಡಿದ ನೋಡ್ರಿ," ಎಂದಳು. ಎಡಗಾಲು ಎಂದ ಮೇಲೆ ಶಾಂತವ್ವನಿಗೂ ಎಡಗಾಲೇ ನೆನಪಾಯಿತು. ಆ ಮಾತು ನಮ್ಮ ಮನೆಯ ಬಾಗಿಲಿಗೆ ಬರುತ್ತದೆಂದು ಕೂಸಿಗೆ ಹಾಲೂಡಿಸುತ್ತಿದ್ದ ನನಗೆ ಹೊಳೆಯಲೇ ಇಲ್ಲ.

"ಲಂಗಡಾ ಹೋತಾ ಸಾಹೇಬ," ಎಂದು ಆಯಿ ಹವಾಲ್ದಾರನಿಗೆ ಕುಂಟನ ಸುದ್ದಿಯನ್ನು ಮರಾಠಿಯಲ್ಲಿ ಹೇಳಿದಳು. ಅವನು ಉಳಿದವರ ಮುಖ ನೋಡಿದ. ಎಲ್ಲರೂ ಗೋಣು ಹಾಕಿದರು. ನಾಲ್ವರು ಒಂದೇ ಮಾತು ಹೇಳಿದರೆ ಯಾರು ತಾನೇ ನಂಬುವುದಿಲ್ಲ? ನಮ್ಮ ಸಾಲಿನಲ್ಲಿ ಕುಂಟುವವನು ಕಾಕಾ ಒಬ್ಬನೇ. ಆ ಹೊತ್ತಿನಲ್ಲಿ ಅವನು ಹೊಸ ಸ್ಲ್ಯಾಬಿಗೆ ನೀರುಣಿಸಲು ಒಬ್ಬನೇ ಹೋಗಿದ್ದ, ಕಂಡವರಿಲ್ಲ. ಪೊಲೀಸರು ಅವನನ್ನು ಚೌಕಿಗೆ ಒಯ್ದು ಬಡಿದರು.

ಕೂಸನ್ನು ಎತ್ತಿಕೊಂಡು ಹೋಗಿ ಕೇಳಿದೆ: "ಆಯಿ, ಬೆನ್ನಷ್ಟ ಕಂಡದ್ದು ಅಂತ ಮುಂಜಾನಿ ನೀವ ಅಂದಿದ್ರಲ್ಲ?"

"ನಾ ಎಲ್ಲಿ ಅಂದೆ? ಆ ಕಾಲು ಈಗೂ ಕಣ್ಮುಂದ ಅದ. ನಿಮ್ಮ ಕಾಕಾ ಅಂತ ನಾ ಹೇಳಿಲ್ಲ ತಂಗಿ, ಕುಂಟ ಅಂತ ಹೇಳೀನಿ. ಕಂಡದ್ದು ಹೇಳಬಾರದೇನು?"

ಸುಳ್ಳು ಹೇಳುವವಳ ಕಣ್ಣಲ್ಲ ಅದು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಸುಳ್ಳಾಗಿದ್ದರೆ ಜುಟ್ಟು ಹಿಡಿದು ಜಗಳಾಡಿ ನಿಜ ಹೊರಗೆಳೆಯುತ್ತಿದ್ದೆ. ಕಾಣದ ಕಾಲನ್ನು ಕಣ್ಣಾರೆ ಕಂಡೆ ಎಂದು ನಂಬಿದವಳ ಹತ್ತಿರ ಏನು ಜಗಳಾಡುವುದು?

ಮುಂದೆ ಕಳ್ಳ ಸ್ವಾರಗೇಟಿನಲ್ಲಿ ತಾಳಿಯ ಸಮೇತ ಸಿಕ್ಕಿಬಿದ್ದ. ಎರಡೂ ಕಾಲು ನೆಟ್ಟಗಿದ್ದವು. ಕಾಕಾನನ್ನು ಬಿಟ್ಟರು. ಆದರೆ ಅಷ್ಟರಲ್ಲಿ ಅವನ ಒಳ್ಳೆಯ ಕಾಲಿನ ಮೊಣಕಾಲೂ ಹೋಗಿತ್ತು. ಮತ್ತೆಂದೂ ಅವನು ಕರಣೆ ಹಿಡಿದು ಮೇಲೆ ಹತ್ತಲಿಲ್ಲ. ಬೇರೆಯವರು ಕಟ್ಟುವ ಗೋಡೆಗೆ ಕಾವಲು ಕೂತ. ಆಯಿ ಶೇಂಗಾ ಹೋಳಿಗೆ ಮಾಡಿಕೊಂಡು ಬಂದು ಅವನ ಕಾಲು ನೀವಿ ಅತ್ತಳು. ಅವ್ವ ಹೋಳಿಗೆ ತೆಗೆದುಕೊಂಡಳು. ನಾನು ಮುಟ್ಟಲಿಲ್ಲ.

ಎಂಬತ್ತರ ದಶಕದ ನಡುವೆ ಆಯಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಆಕೆಯ ಬಾಗಿಲಲ್ಲಿ ಕೂತು ಆಕೆಯನ್ನೇ ನೆನೆಯುತ್ತಿದ್ದರು. ಶಾಂತವ್ವ ಹೇಳಿದಳು: "ನಾವೆಲ್ಲಾ ಕುಂಟ ಕುಂಟ ಅಂತ ಒದರೂ ಹೊತ್ತಿನ್ಯಾಗ, ಬ್ಯಾಡ್ರೆ, ಅವ ಅಲ್ಲ ಅಂದಾಕಿ ಆಯಿ ಒಬ್ಬಾಕಿನ."

"ಹೌದು, ಒಬ್ಬಾಕಿನ," ಎಂದಳು ಇನ್ನೊಬ್ಬಳು. ನಮ್ಮ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಣು ಹಾಕಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಪೆಟ್ಟು ತಿಂದವನಾದರೂ ನಿಜ ಹೇಳಲಿ ಎಂದು ಕಾಕಾನ ಮುಖ ನೋಡಿದೆ.

"ಹೌದವ್ವ," ಎಂದ ಕಾಕಾ, "ಚೌಕಿ ತನಕ ಬಂದಿದ್ಲು ಪಾಪ, ನನ್ನ ಬಿಡಿಸ್ಲಾಕ."