ಜಾಕಿರನ ಚೀಲದ ತೂಕ

ಜಾಕಿರ್ ತೀರಿಕೊಂಡ ನಲವತ್ತೊಂದನೆಯ ದಿನ ಅವನ ಹೆಂಡತಿ ಹಲೀಮಾ ಬೀ ಕ್ಯಾಮೆರಾ ಚೀಲವನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ಆಟೋದವನು ಅದನ್ನು ಎತ್ತಿ ನಡುಮನೆಯಲ್ಲಿಟ್ಟು ಸೊಂಟ ಹಿಡಿದುಕೊಂಡ.

"ಇದು ನಿಮ್ಮನೇಲೇ ಇರ್ಲಿ ನಾಗೇಂದ್ರಣ್ಣ. ನಮ್ಮನೇಲಿ ಕಣ್ಣಿಗೆ ಬಿದ್ರೆ ನಂಗೆ ಅಳು ಬರಲ್ಲ, ಸಿಟ್ಟು ಬರ್ತೈತೆ," ಅಂದರು.

ನನಗೂ ಬರುತ್ತಿದ್ದದ್ದು ಅದೇ.

"ಹೋಗ್ತೀರೋ ಇಲ್ವೋ?" ಎಂದು ಕೇಳಿದರು. "ಯೋಚನೆ ಮಾಡ್ತಿದೀನಿ ಭಾಬಿ," ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಚಹಾ ಕುಡಿಯದೆ ಎದ್ದುಹೋದರು.

ಕೇಳಿದ್ದು ಕಚ್ಛದ ಉಪ್ಪಿನ ಬಯಲಿನ ಪ್ರಯಾಣದ ಬಗ್ಗೆ. ಗುಂತಕಲ್ಲಿನಲ್ಲಿ ರೈಲು ಹತ್ತಿ ಅಹಮದಾಬಾದ್, ಅಲ್ಲಿಂದ ಭುಜ್. ಜಾಕಿರನಿಗೂ ನನಗೂ ಟಿಕೆಟ್ ಆಗಿತ್ತು. ಟಿಕೆಟ್ ಮಾಡಿಸಿದ ಎಂಟನೆಯ ದಿನ, ಮಧ್ಯಾಹ್ನ, ಪಕ್ಕದ ಹಳ್ಳಿ ನನ್ನಿವಾಳದ ಯಾರದೋ ಬೋರ್ ಮೋಟರಿಗೆ ತಂತಿ ಸುತ್ತುತ್ತ ಕೂತಿದ್ದ ಜಾಕಿರ್ ಹಾಗೇ ಮುಂದಕ್ಕೆ ಬಾಗಿದ. ಐವತ್ತೇಳು ವರ್ಷ. ಆರು ವರ್ಷ ಸತಾಯಿಸಿ, ಕೊನೆಗೆ ಹೊರಟು ನಿಂತು, ಹೀಗೆ ಮಾಡಿದ.

ಜಾಕಿರ್ ಚಳ್ಳಕೆರೆಯ ಮಾರುಕಟ್ಟೆ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ನಾನು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು. ಸಂಜೆ ಶಾಲೆ ಬಿಟ್ಟರೆ ಅವನ ಅಂಗಡಿ. ಮೂವತ್ತು ವರ್ಷ ಹೋಗಿದ್ದೇನೆ. ಕೂರಲು ಒಂದು ಸ್ಟೂಲ್ ಇಡಲಿಲ್ಲ ಪುಣ್ಯಾತ್ಮ. ಬೋರಲು ಹಾಕಿದ ಹಳೆಯ ಮೋಟರ್ ಚಿಪ್ಪಿನ ಮೇಲೆ ಕೂರಬೇಕು. ಎದ್ದಾಗ ಪ್ಯಾಂಟಿನ ಹಿಂಭಾಗದಲ್ಲಿ ಗ್ರೀಸಿನ ಉಂಗುರ. ಹೆಂಡತಿಯಿಂದ ಬೈಗುಳ ನನಗೆ.

ಅವನ ಕೆಲಸದ ರೀತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸುಟ್ಟ ಮೋಟರು ಬಂದರೆ ಒಳಗಿನ ಕರಕಲು ತಂತಿಯನ್ನು ಕಿತ್ತು, ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತಿದ್ದ. ಎಷ್ಟು ತೂಗಿತೋ ಅಷ್ಟೇ ಹೊಸ ತಾಮ್ರ ಸುತ್ತುತ್ತಿದ್ದ. ಕೆಲವರು ತಾಮ್ರದ ಜಾಗದಲ್ಲಿ ಅಲ್ಯೂಮಿನಿಯಂ ಸುತ್ತಿ ಕೊಡುತ್ತಾರೆ. ನೋಡಲು ಒಂದೇ, ಎತ್ತಿದರೆ ಹಗುರ, ಒಂದು ಬೇಸಿಗೆಗೆ ಮತ್ತೆ ಸುಡುತ್ತದೆ. ಜಾಕಿರನ ಮಟ್ಟಿಗೆ ಲೋಕದಲ್ಲಿ ಹಗುರವಾದದ್ದೆಲ್ಲ ಮೋಸ. ತೂಗಿದ್ದಕ್ಕೆಲ್ಲ ಒಂದು ಚೀಟಿ: ಅದು ಯಾರದೋ ಅವರ ಊರು, ಹೆಸರು, ತೂಕ. ಅದನ್ನು ಬಿಳಿ ಹತ್ತಿಯ ಟೇಪಿನಿಂದ ಕಟ್ಟುತ್ತಿದ್ದ.

ಆರು ವರ್ಷದ ಹಿಂದೆ ಶೇಂಗಾ ಎಣ್ಣೆ ಮಿಲ್ಲಿಗೆ ಯಂತ್ರ ಜೋಡಿಸಲು ಕಚ್ಛದ ಫಿಟ್ಟರ್ ಒಬ್ಬ ಬಂದಿದ್ದ. ಅವನು ಫೋನಿನಲ್ಲಿ ತನ್ನ ಊರ ಕಡೆಯ ಒಂದು ಫೋಟೋ ತೋರಿಸಿದ. ಬಿಳಿ ನೆಲ, ಆಚೆ ಆಕಾಶ, ಅಷ್ಟೇ. ಜಾಕಿರ್ ಅದನ್ನು ಬೆರಳಿಂದ ಅಗಲ ಮಾಡಿ ಮಾಡಿ ನೋಡಿದ.

"ನಾಗೇಂದ್ರ, ಒಂದು ಕರೆಂಟ್ ಕಂಬ ಇಲ್ವಲ್ಲಲೇ! ಇಲ್ಲಿ ನಿಂತ್ರೆ ಮೋಟರ್ ಸುಟ್ಟೋತು ಅಂತ ಒಬ್ಬನೂ ಬರಲ್ಲ."

"ಸರಿ, ಹೋಗೋಣ ನಡಿ."

"ಬರೀ ಕೈಲಿ ಹೋಗೋದಾ? ಫೋಟೋ ತೆಗೀಬೇಕು. ನಾನೇ ತೆಗೀಬೇಕು."

ಕೈಯಲ್ಲೇ ಫೋನ್ ಇದೆಯಲ್ಲ ಅಂದೆ. "ಅದೆಷ್ಟು ತೂಕ ಐತೆ?" ಎಂದು ಕೇಳಿದ. ಆಗಲೇ ನಾನು ಎದ್ದು ಮನೆಗೆ ಹೋಗಬೇಕಿತ್ತು.

ಕ್ಯಾಮೆರಾ ಕೊಳ್ಳಲು ದಾವಣಗೆರೆಗೆ ಹೋದೆವು. ಅಂಗಡಿಯ ಹುಡುಗಿ ಹಗುರವಾದ ಒಂದು ಕ್ಯಾಮೆರಾ, ಅದಕ್ಕೆ ಹೊಂದುವ ಪುಟ್ಟ ಲೆನ್ಸ್ ತೋರಿಸಿ, ಪ್ರಯಾಣಕ್ಕೆ ಇದೇ ಸರಿ, ದಿನವಿಡೀ ಕೊರಳಲ್ಲಿದ್ದರೂ ನೋಯುವುದಿಲ್ಲ ಎಂದು ಅಚ್ಚುಕಟ್ಟಾಗಿ ವಿವರಿಸಿದಳು. ಜಾಕಿರ್ ಜೇಬಿನಿಂದ ಕೊಕ್ಕೆ ತಕ್ಕಡಿ ತೆಗೆದ.

"ಸರ್, ಇವನ್ನ ನಾವು ಕಿಲೋ ಲೆಕ್ಕದಾಗೆ ಮಾರಲ್ಲ," ಅಂದಳು.

"ಗೊತ್ತೈತಮ್ಮ. ನಾನು ಕೊಳ್ಳೋದು ಹಂಗೆ."

ಪುಟ್ಟ ಲೆನ್ಸ್ ಕ್ಯಾಮೆರಾದ ಜೊತೆಯಲ್ಲೇ ಬರುವಂಥದ್ದಾದ್ದರಿಂದ ತೆಗೆದುಕೊಂಡ. ತೆಗೆದುಕೊಂಡು "ಅಲ್ಯೂಮಿನಿಯಂ" ಎಂದು ಹೆಸರಿಟ್ಟು ಚೀಲದ ತಳಕ್ಕೆ ಹಾಕಿದ. ಮೂಲೆಯ ಕಪಾಟಿನಲ್ಲಿ ಯಾರೋ ಮಾರಿಹೋದ, ದೂರದ್ದನ್ನು ಹತ್ತಿರ ತೋರಿಸುವ ಹಳೆಯ ಲೆನ್ಸ್ ಒಂದಿತ್ತು. ಮೊಳದುದ್ದ, ಒಂದು ಕಿಲೋ ಆರುನೂರು ಗ್ರಾಂ. ಅದನ್ನು ಕೊಕ್ಕೆಗೆ ಹಾಕಿದಾಗ ಅವನ ಮುಖ ನೋಡಬೇಕಿತ್ತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ.

ಅಲ್ಲಿಂದ ಮುಂದೆ ವರ್ಷಕ್ಕೊಂದು ನೆಪ. ಮೊದಲ ಚಳಿಗಾಲ, ಕ್ಯಾಮೆರಾ ನಿಲ್ಲಿಸಲು ಕಬ್ಬಿಣದ ಹಾಗಿದ್ದ ಮುಕ್ಕಾಲಿ ಸ್ಟ್ಯಾಂಡ್ ಬರಬೇಕು. ಎರಡನೆಯದರಲ್ಲಿ ಉಪ್ಪಿನ ಧೂಳು ಒಳಗೆ ಹೋಗದಂತೆ ಚೀಲಕ್ಕೆ ಹೊದಿಕೆ ಬೇಕು. ಲಾರಿಗೆ ಟಾರ್ಪಾಲು ಹೊಲಿಯುವವನ ಹತ್ತಿರ ಹೊಲಿಸಿದ. ಆಮೇಲೆ ಯಾವುದೋ ವಿಡಿಯೋದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ ಎಂದು ಕೇಳಿಕೊಂಡು ಬಂದ.

"ಲೇ, ಇದು ಚಳ್ಳಕೆರೆ. ಇಲ್ಲಿ ಉಪ್ಪಿನಕಾಯಿಗೂ ಬೂಷ್ಟು ಹಿಡಿಯಲ್ಲ," ಅಂದೆ.

"ನಿಂಗೆ ಓದೋದು ಗೊತ್ತೈತೆ, ಸಾಮಾನು ಕಾಯೋದು ಗೊತ್ತಿಲ್ಲ."

ವಾರ್ನಿಷ್ ಹಚ್ಚಿದ ಕಾಯಿಲ್ ಒಣಗಿಸಲು ಅಂಗಡಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು, ಒಳಗೆ ದೊಡ್ಡ ಬಲ್ಬುಗಳು. ಕ್ಯಾಮೆರಾವನ್ನು ಅದರೊಳಗಿಟ್ಟು ಭಾನುವಾರ ಪೂರ್ತಿ ಕಾಯಿಸಿದ. ಸೋಮವಾರ ನೋಡಿದರೆ ಹಿಡಿಕೆಯ ರಬ್ಬರೆಲ್ಲ ಹಲಸಿನ ಮೇಣ. ಆ ಮೇಣವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಹತ್ತಿ ಟೇಪು ಸುತ್ತಿ, ಮೇಲೆ ವಾರ್ನಿಷ್ ಬಳಿದ. ಅಷ್ಟಾದರೂ ಕ್ಯಾಮೆರಾ ಕೆಲಸ ಮಾಡಿತು. ಅದರ ಹೆಮ್ಮೆಯನ್ನು ಎರಡು ವರ್ಷ ಕೇಳಿದೆ.

ಹೋದ ದೀಪಾವಳಿ ಮುಗಿದ ಮೇಲೆ ನಾನು ಹಟ ಹಿಡಿದೆ. ಟಿಕೆಟ್ ಮಾಡಿಸೋಣ, ಇಲ್ಲ ಈ ಮಾತನ್ನೇ ಬಿಡೋಣ. ಮೊದಲು ಒಂದು ಟ್ರಯಲ್ ಆಗಬೇಕು ಅಂದ. ಮೋಟರನ್ನು ಬಾವಿಗೆ ಇಳಿಸುವ ಮುಂಚೆ ಮೇಲೆ ಓಡಿಸಿ ನೋಡುವುದಿಲ್ಲವೇ, ಹಾಗೆ. ಬೆಳಿಗ್ಗೆಯ ಬಸ್ಸಿಗೆ ಮೊಳಕಾಲ್ಮೂರಿಗೆ ಹೋಗಿ ನುಂಕೆ ಬೆಟ್ಟ ಹತ್ತತೊಡಗಿದೆವು. ಚೀಲ ಅವನ ಬೆನ್ನಿಗೆ, ಮುಕ್ಕಾಲಿ ನನ್ನ ಹೆಗಲಿಗೆ. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದ. ಬೆಳಕು ನೋಡುತ್ತಿದ್ದೇನೆ ಅನ್ನುತ್ತಿದ್ದ. ನಾನು ನಂಬಿದೆ, ಅಥವಾ ನಂಬುವುದು ನನಗೆ ಅನುಕೂಲವಾಗಿತ್ತು.

ಅರ್ಧದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಹೆಸರು ಬಸವಲಿಂಗಮ್ಮ, ಊರಲ್ಲಿ ರೇಷ್ಮೆ ಸೀರೆ ನೇಯುವ ಮನೆಯವಳು.

"ಏಮಪ್ಪಾ, ಬೆನ್ನಮ್ಯಾಲೆ ಬೋರ್ ಮೋಟರ್ ಹೊತ್ಕಂಡು ಬಂದೀಯಲ್ಲ, ಬೆಟ್ಟದ ಮ್ಯಾಲೆ ನೀರು ಬಿದ್ದೈತಾ?"

ಕ್ಯಾಮೆರಾ ಎಂದು ತಿಳಿದ ಮೇಲೆ ಸೆರಗು ಸರಿಮಾಡಿಕೊಂಡಳು. "ಹಂಗಾದ್ರೆ ನಂದೊಂದು ತೆಗಿ. ನಾ ಸತ್ತ ಮ್ಯಾಲೆ ಗೋಡೆಗೆ ಬೇಕಾಗ್ತೈತೆ."

ಜಾಕಿರ್ ಕಾಲು ಗಂಟೆ ತೆಗೆದುಕೊಂಡು ಮುಕ್ಕಾಲಿ ನಿಲ್ಲಿಸಿದ, ಮೊಳದುದ್ದದ ಲೆನ್ಸ್ ಸಿಕ್ಕಿಸಿದ. ಅದು ದೂರದ್ದನ್ನು ನೋಡುವ ಲೆನ್ಸು. ಎದುರಿಗಿದ್ದವಳು ಬರೀ ಮಂಜು.

"ಅವ್ವಾ, ಹತ್ತು ಮೆಟ್ಲು ಕೆಳಗಿಳಿ."

"ನನ್ ಫೋಟೋಕ್ಕೆ ನಾನ್ಯಾಕಪ್ಪ ಇಳೀಲಿ? ಹತ್ತಿದ್ದೇ ಕಷ್ಟದಾಗೆ."

"ಒಂದು ಐದು ಮೆಟ್ಲಾದ್ರೂ..."

"ನಿನ್ ಮೊಬೈಲಾಗೆ ತೆಗೀಯೋ ಮಾರಾಯ! ನಮ್ಮ ಮೊಮ್ಮಗಳು ಉಣ್ಣೋ ತಟ್ಟೀನೇ ತೆಗೀತಾಳೆ."

ನಾನು ಫೋನ್ ತೆಗೆದು ಅವಳ ಫೋಟೋ ಹಿಡಿದು ತೋರಿಸಿದೆ. ಸುಕ್ಕುಗಳೆಲ್ಲ ಬಂದವು ಎಂದು ಗೊಣಗಿದಳು, ಆದರೂ ಖುಷಿಯಾದಳು. ಜಾಕಿರ್ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ, ಬೆವರು ಸುರಿಯುತ್ತಿತ್ತು. ಆಗ ನನಗೆ ತಡೆಯಲಾಗಲಿಲ್ಲ. ಆ ಮುದುಕಿಯ ಎದುರಿಗೇ ಕೂಗಾಡಿದೆ. ಆರು ವರ್ಷ ಆಯಿತು, ನೀನು ಒಂದು ಫೋಟೋ ತೆಗೆದಿಲ್ಲ, ನಿನಗೆ ಹೋಗುವ ಮನಸ್ಸಿಲ್ಲ, ಸಾಮಾನು ಕೂಡಿಡುವ ಚಟ ಅಷ್ಟೇ. ಈ ಚೀಲ ನಾಲ್ಕು ಕಿಲೋಗೆ ಇಳಿದರೆ ಬರುತ್ತೇನೆ, ಇಲ್ಲದಿದ್ದರೆ ನೀನುಂಟು ನಿನ್ನ ತಕ್ಕಡಿಯುಂಟು.

ಹಿಂದಕ್ಕೆ ಬರುವ ಬಸ್ಸಿನಲ್ಲಿ ಅವನು ಕಿಟಕಿಗೆ ತಲೆ ಒರಗಿಸಿ ಕೂತಿದ್ದ. ಆ ಬೆವರು ಯಾವುದರದು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನಗೆ ಸಿಟ್ಟು ಬಂದಿತ್ತಲ್ಲ.

ಮೂರನೆಯ ದಿನ ಅಂಗಡಿಗೆ ಕರೆಸಿ, ನನ್ನ ಕಣ್ಣೆದುರೇ ಚೀಲವನ್ನು ಕೊಕ್ಕೆಗೆ ಹಾಕಿದ. ಸರಿಯಾಗಿ ನಾಲ್ಕು ಕಿಲೋ. ಕ್ಯಾಮೆರಾ, 'ಅಲ್ಯೂಮಿನಿಯಂ', ಎರಡು ಬ್ಯಾಟರಿ, ಬಟ್ಟೆ.

"ಸಾಕೇನಲೇ? ನಿನ್ ಕಣ್ಣು ತಣ್ಣಗಾಯ್ತಾ?"

ಅವತ್ತೇ ಟಿಕೆಟ್ ಮಾಡಿಸಿದೆವು. ಕೆಳಗಿನ ಬರ್ತ್ ಅವನ ಹೆಸರಿಗೆ ಬಂತು, ಮಂಡಿ ನೋವಿನ ನನಗೆ ಮೇಲಿನದು. ಅದಕ್ಕೂ ನಕ್ಕ.

ಹಲೀಮಾ ಬೀ ಹೋದ ಮೇಲೆ ಆಟೋದವನು ಸೊಂಟ ಹಿಡಿದುಕೊಂಡದ್ದು ನೆನಪಾಯಿತು. ನಾಲ್ಕು ಕಿಲೋಗೆ ಯಾರಾದರೂ ಸೊಂಟ ಹಿಡಿದುಕೊಳ್ಳುತ್ತಾರೆಯೇ? ಚೀಲದ ಹೊರಜೇಬಿನಲ್ಲೇ ಅವನ ತಕ್ಕಡಿ ಇತ್ತು. ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಚೀಲ ತೂಗಿದೆ. ಹತ್ತೂವರೆ ಕಿಲೋ.

ಕಳ್ಳ. ನಾನು ಬೆನ್ನು ತಿರುಗಿಸಿದ ಮೇಲೆ ಎಲ್ಲವನ್ನೂ ವಾಪಸು ತುಂಬಿದ್ದ. ಮುಕ್ಕಾಲಿ ಟಾರ್ಪಾಲಿನ ಮಡಿಕೆಯಲ್ಲಿತ್ತು. ಮೊಳದುದ್ದದ ಲೆನ್ಸ್ ಒಂದು ಸ್ವೆಟರಿನೊಳಗೆ ಸುತ್ತಿಕೊಂಡು ಮಲಗಿತ್ತು. ಒಂದೊಂದೂ ನೆಲದ ಮೇಲೆ ಎಸೆಯುತ್ತ ಹೋದೆ, ಜೋರಾಗಿ ಬೈಯುತ್ತಲೂ ಇದ್ದೆ; ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ ಹೋದಳು.

ಸ್ವೆಟರಿಗೆ ಹತ್ತಿ ಟೇಪಿನಿಂದ ಚೀಟಿ ಕಟ್ಟಿತ್ತು. ಅವನ ಅಕ್ಷರ. 'ಚಳ್ಳಕೆರೆ, ನಾಗೇಂದ್ರ, 450.' ಕೆಳಗೆ ಕಾಲುಚೀಲ. 'ಚಳ್ಳಕೆರೆ, ನಾಗೇಂದ್ರ, 140.' ಮಂಡಿಗೆ ಹಾಕುವ ಪಟ್ಟಿ, 'ನಾಗೇಂದ್ರ, 95.' ಶೇಂಗಾ ಚಿಕ್ಕಿ ಒಂದು ಪೊಟ್ಟಣ, ನನ್ನ ಹೆಸರು. ಎಲ್ಲಕ್ಕಿಂತ ತಳದಲ್ಲಿ ಮಡಚುವ ಒಂದು ಸ್ಟೂಲು. 'ಚಳ್ಳಕೆರೆ, ನಾಗೇಂದ್ರ, ಕೂರಕ್ಕೆ, 1,200.'

ನನಗೆ ಚಳಿಯಾಗುವುದಿಲ್ಲ, ಒಂದು ಕೈಚೀಲ ಬಿಟ್ಟು ಏನನ್ನೂ ತರುವುದಿಲ್ಲ ಎಂದು ಅವನಿಗೆ ನೂರು ಸಲ ಹೇಳಿದ್ದೆ. ಮೂವತ್ತು ವರ್ಷ ಅಂಗಡಿಯಲ್ಲಿ ಇಡದ ಸ್ಟೂಲನ್ನು ಯಾರೂ ಇಲ್ಲದ ಉಪ್ಪಿನ ಬಯಲಿಗೆ ಹೊತ್ತುಕೊಂಡು ಹೋಗಲು ಹೊರಟಿದ್ದನಲ್ಲ, ಇಂಥವನಿಗೆ ಏನನ್ನಬೇಕು?

ಚಿಕ್ಕಿಗೆ ಸ್ವಲ್ಪ ಮುಗ್ಗಲು ವಾಸನೆ ಬಂದಿತ್ತು. ಎರಡು ತುಂಡು ತಿಂದೆ.

ಅವನ ಟಿಕೆಟನ್ನು ರದ್ದು ಮಾಡಿಸಿದೆ. ನನ್ನದನ್ನು ಮಾಡಿಸಲಿಲ್ಲ. ರೈಲಿಗೆ ಇನ್ನು ಹನ್ನೊಂದು ದಿನ ಇದೆ. ಏಳು ದಿನದಿಂದ ಚೀಲದ ತೂಕ ಇಳಿಸುತ್ತಿದ್ದೇನೆ. ಮುಕ್ಕಾಲಿ ತೆಗೆದಿಟ್ಟೆ. ಟಾರ್ಪಾಲು ತೆಗೆದಿಟ್ಟೆ. ಮೊಳದುದ್ದದ ಲೆನ್ಸ್ ಹೊರಗೆ, ಒಳಗೆ, ಮತ್ತೆ ಹೊರಗೆ. ಸ್ಟೂಲು ಕೈಗೆ ಬಂದಾಗೆಲ್ಲ ವಾಪಸು ಹೋಗುತ್ತದೆ. ತಕ್ಕಡಿ ಆರಕ್ಕಿಂತ ಕೆಳಗಿಳಿಯುತ್ತಿಲ್ಲ.

ನಿನ್ನೆ ಹಲೀಮಾ ಬೀ ಫೋನ್ ಮಾಡಿದರು.

"ಚೀಲ ರೆಡಿ ಆಯ್ತಾ ಅಣ್ಣಾ?"

"ತೂಕ ಇಳಿಸ್ತಾ ಇದೀನಿ ಭಾಬಿ. ಇನ್ನೊಂದು ಎರಡು ಸಾಮಾನು ನೋಡ್ಬೇಕು."



"ಯಾ ಅಲ್ಲಾ, ಅವ್ರೂ ಹಿಂಗೇ ಅಂತಿದ್ರು," ಅಂದರು. "ಎಷ್ಟೈತೋ ಅಷ್ಟು ಹೊತ್ಕಂಡು ಮೊದ್ಲು ರೈಲು ಹತ್ರಿ."