ಸೀರೆ ಹೊದ್ದ ಕಂಪ್ಯೂಟರ್

ನಾನು ಪಾಠ ಹೇಳುತ್ತಿದ್ದ ಹಲಸೂರಿನ ಸರ್ಕಾರಿ ಶಾಲೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಬಂದ ದಿನವೇ ನಮ್ಮ ಮುಖ್ಯೋಪಾಧ್ಯಾಯಿನಿ ಅದನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸಿ, ತಮ್ಮ ಕೋಣೆಯಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಮೇಲೊಂದು ಬೆಡ್‌ಶೀಟು, ಅದರ ಮೇಲೆ ತಮ್ಮದೇ ಹಳೆಯ ಸೀರೆ ಹೊದಿಸಿದರು. ವೈರನ್ನು ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಸೊಂಟ ಸೇರಿತು.

ಮೇಡಂ ನಿವೃತ್ತಿಗೆ ಇನ್ನೊಂದೇ ವರ್ಷವಿತ್ತು. ಚಾರ್ಜ್ ಬಿಟ್ಟುಕೊಡುವ ದಿನ ರಿಜಿಸ್ಟರಿನಲ್ಲಿರುವ ಒಂದೊಂದು ವಸ್ತುವೂ ಬರೆದ ಹಾಗೇ ಇರಬೇಕು. ಇಲ್ಲದಿದ್ದರೆ ಪಿಂಚಣಿಯ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಅವರ ಪರಿಚಯದ ಹೆಡ್‌ಮಾಸ್ಟರೊಬ್ಬರು ಬಿರುಕುಬಿಟ್ಟ ಗ್ಲೋಬನ್ನು ಕಂಕುಳಲ್ಲಿಟ್ಟುಕೊಂಡು ಎರಡು ವರ್ಷ ಕಚೇರಿಗೆ ಅಲೆದಿದ್ದರಂತೆ. "ಗ್ಲೋಬಿಗೇ ಹಾಗೆ ಮಾಡಿದೋರು, ಇದಕ್ಕೆ ನನ್ನನ್ನ ಸುಮ್ನೆ ಬಿಡ್ತಾರಾ?" ಎನ್ನುತ್ತಿದ್ದರು ಮೇಡಂ. ಗಂಡ ತೀರಿಹೋಗಿದ್ದರು, ಪಿಂಚಣಿಯೊಂದೇ ಅವರಿಗೆ ಆಸರೆ. ನಗುವ ಮಾತಲ್ಲವೆಂದು ಗೊತ್ತಿದ್ದೂ ನಾನು ಸ್ಟಾಫ್ ರೂಮಿನಲ್ಲಿ ನಕ್ಕಿದ್ದೇನೆ.

ಅಷ್ಟರಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ಎಂದು ಸುತ್ತೋಲೆ ಬಂತು. ಶಾಲೆಗೊಬ್ಬರು ಹೋಗಬೇಕು. "ನೀವೇ ಹೋಗ್ಬನ್ನಿ. ನಿಮ್ಮ ಕೈ ಸಣ್ಣದು, ಒತ್ತಿದ್ರೂ ಜೋರಾಗಿ ಒತ್ತಲ್ಲ" ಎಂದು ಮೇಡಂ ನನ್ನನ್ನು ಆರಿಸಿದರು. ನನ್ನ ಜೀವಮಾನದಲ್ಲಿ ಯಾವ ಆಯ್ಕೆಯೂ ಇಷ್ಟು ವಿಚಾರ ಮಾಡಿ ನಡೆದಿಲ್ಲ.

ಹತ್ತು ದಿನ ಬಸ್ಸು ಹಿಡಿದು ಕೆ.ಆರ್. ಪುರಕ್ಕೆ ಹೋದೆ. ನಲವತ್ತು ಜನ ಮೇಷ್ಟ್ರು, ಟೀಚರುಗಳು, ನಾಲ್ಕು ಕಂಪ್ಯೂಟರು, ಹನ್ನೊಂದಕ್ಕೆ ಸರಿಯಾಗಿ ಹೋಗುವ ಕರೆಂಟು. ತರಬೇತಿ ಕೊಡುವವರು ಇದಕ್ಕೆಲ್ಲ ಧೃತಿಗೆಡುವ ಆಸಾಮಿಯಲ್ಲ. ಒಬ್ಬೊಬ್ಬರಿಗೂ ಬೋರ್ಡು ಒರೆಸುವ ಡಸ್ಟರ್ ಕೊಟ್ಟು, "ಇದೇ ಮೌಸ್ ಅನ್ಕೊಳ್ಳಿ. ಎಡಗಡೆ ಒತ್ತಿ, ಬಾಯಲ್ಲಿ ಟಕ್ ಅನ್ನಿ" ಎಂದರು. ಡಬಲ್ ಕ್ಲಿಕ್ಕಿಗೆ ಎರಡು ಟಕ್. ಐವತ್ತು ದಾಟಿದ ಮೇಷ್ಟ್ರುಗಳು ಬೆಂಚಿನ ಮೇಲೆ ಡಸ್ಟರ್ ಉಜ್ಜುತ್ತ ಒಕ್ಕೊರಲಿನಿಂದ ಟಕ್ ಟಕ್ ಎನ್ನುತ್ತಿದ್ದರು. ಒಬ್ಬರು ಮೂರು ಸಲ ಟಕ್ ಎಂದುಬಿಟ್ಟು ಬೈಸಿಕೊಂಡರು. ಕೊನೆಯ ದಿನ ಪರೀಕ್ಷೆ, ಅಂದೂ ಕರೆಂಟಿಲ್ಲ. ಎಲ್ಲರೂ ಮೊದಲ ದರ್ಜೆಯಲ್ಲಿ ಪಾಸಾದೆವು.

ಸರ್ಟಿಫಿಕೇಟು ಹಿಡಿದು ಬಂದು, ಮಕ್ಕಳಿಗೆ ಕಂಪ್ಯೂಟರ್ ತೋರಿಸುತ್ತೇನೆ ಎಂದು ಮೇಡಂ ಮುಂದೆ ನಿಂತೆ.

"ತೋರ್ಸಿ. ಮುಟ್ಟಿಸ್ಬೇಡಿ. ಕರೆಂಟ್ ಕೊಡ್ಬೇಡಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಮಕ್ಕಳು ಚಪ್ಪಲಿ ಬಿಟ್ಟು, ಕೈಕಟ್ಟಿ, ಸಾಲಾಗಿ ಬಂದು ಸೀರೆ ಹೊದ್ದ ಕಂಪ್ಯೂಟರಿನ ದರ್ಶನ ಪಡೆದರು. ಒಂದಿಬ್ಬರು ಕೈಮುಗಿದರು. ಕಟ್ಟಡ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದವರ ಮಗಳೊಬ್ಬಳು, "ಇದು ಯಾವಾಗ ಎಚ್ರ ಆಗ್ತದ್ರಿ ಟೀಚರ್?" ಎಂದು ಕೇಳಿದಳು. ನಾನು ತರಗತಿಗೆ ಹೋಗಿ, ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಕೀಲಿಮಣೆ ಬರೆದು, ಡಸ್ಟರ್ ಕೈಗೆತ್ತಿಕೊಂಡೆ. ಕಲಿತದ್ದು ಅದೊಂದೇ ತಾನೆ.

ಕೆಲವು ತಿಂಗಳ ಮೇಲೆ ತರಬೇತಿಯ ಫಲ ನೋಡಲು ಅಧಿಕಾರಿಯೊಬ್ಬರು ಬಂದರು. ಆ ರಾಯಚೂರಿನ ಹುಡುಗಿ ಬೆಂಚಿನ ಮೇಲೆ ಟಕ್ ಟಕ್ ಎಂದು ಫೈಲು ತೆರೆದಳು, ಹೆಸರು ಹೊಡೆದಳು, ಮುಚ್ಚಿದಳು.

"ಎಲ್ಲಿ ಸೇವ್ ಮಾಡ್ದೆ?" ಅಧಿಕಾರಿ ಗಂಭೀರವಾಗಿ ಕೇಳಿದರು.

"ಸಿ ಡ್ರೈವ್‌ನಾಗ್ರಿ ಸರ್."

ಅವರು ತಲೆಯಾಡಿಸಿದರು. ನಾನು ಧೈರ್ಯ ಮಾಡಿ, "ಸರ್, ಒಂದ್ಸಲ ನೀವೇ ನಿಂತು ಆನ್ ಮಾಡಿಸ್ಬಿಡಿ" ಎಂದು ಕೋಣೆಗೆ ಕರೆದುಕೊಂಡು ಹೋದೆ. ಮೇಡಂ ಮುಖ ಬಿಳಿಚಿಕೊಂಡಿತು. ಅಧಿಕಾರಿ ಸೀರೆ ಸರಿಸಿ ನೋಡಿ, ಅದಕ್ಕೆ ಒಂದು ಸುತ್ತು ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಕಂಡೀಷನ್ ಚೆನ್ನಾಗಿದೆ. ಹೀಗೇ ಕಾಪಾಡ್ಕೊಂಡ್ ಹೋಗಿ" ಎಂದು ಹೇಳಿ, ಅದನ್ನೇ ಶಾಲೆಯ ತಪಾಸಣೆ ಪುಸ್ತಕದಲ್ಲಿ ಬರೆದು ಹೊರಟರು. ಮೇಡಂ ಆ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದರು.

ನಿವೃತ್ತಿಯ ದಿನ ರಸೆಲ್ ಮಾರುಕಟ್ಟೆಯಿಂದ ಸುಗಂಧರಾಜದ ಹಾರ ತರಿಸಿದ್ದೆವು. ಹೊಸಬರು ಬರುವ ತನಕ ಚಾರ್ಜ್ ನನ್ನದು. ಇದ್ದ ಮೂವರಲ್ಲಿ ನಾನೇ ಹಿರಿಯಳು. ಒಂದೊಂದನ್ನೇ ನೋಡುತ್ತ ಹೋದೆವು. ಗಂಟೆ ಒಂದು, ಭೂಪಟ ಎರಡು, ಬಕೆಟ್ ಮೂರು, ಕಂಪ್ಯೂಟರ್ ಒಂದು. ನಾನು ಸಹಿ ಹಾಕಿದೆ. ಮೇಡಂ ಸೊಂಟದಿಂದ ಬೀಗದ ಕೈ ಬಿಚ್ಚಿ ನನಗೆ ಕೊಟ್ಟು, ಹೆರಿಗೆ ಮುಗಿದವರ ಹಾಗೆ ಉಸಿರುಬಿಟ್ಟರು.

ಆಮೇಲೆ ಹಾರ ಹಾಕಿಕೊಂಡೇ ಕಂಪ್ಯೂಟರಿನ ಹತ್ತಿರ ಹೋಗಿ ಸೀರೆ ತೆಗೆದರು.

"ಬನ್ನಿ, ಒಂದ್ಸಲ ಆನ್ ಮಾಡಿ ನೋಡೇ ಬಿಡೋಣ. ಒಂದು ವರ್ಷ ಕಾದಿದೀನಿ, ಅದ್ರಲ್ಲಿ ಏನು ಕಾಣತ್ತೆ ಅಂತ ನಂಗೇ ಗೊತ್ತಿಲ್ಲ."

ನನ್ನ ಕೈಯಿಂದಲೇ ಬೀರು ತೆಗೆಸಿ, ವೈರು ತಾವೇ ಸಿಕ್ಕಿಸಿದರು. ಬೆರಳು ಗುಂಡಿಯ ಹತ್ತಿರ ಹೋಯಿತು. ನಾನು ಅವರ ಕೈ ಹಿಡಿದುಕೊಂಡೆ.

"ಬೇಡ ಮೇಡಂ. ವೋಲ್ಟೇಜ್ ಸರಿಯಿಲ್ಲ."

ತಲೆಯ ಮೇಲೆ ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಅವರು ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ನಾಚಿಕೆಯಾಯಿತು, ಆದರೂ ಹಿಡಿದ ಕೈ ಬಿಡಲಾಗಲಿಲ್ಲ. ಮೇಡಂ ಕೋಪ ಮಾಡಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಮೆಲ್ಲಗೆ ವೈರು ಕಿತ್ತು ನನಗೆ ಕೊಟ್ಟರು.

"ಪಾಪ, ನಿಮಗಿನ್ನೂ ಹದಿನೆಂಟು ವರ್ಷ ಸರ್ವಿಸ್ ಇದೆ" ಎಂದರು.